ಸ್ತ್ರೀಸಂಘದ ಸಮ್ಮೇಳನವೂ ಅದರ ನಡವಳಿ ಪುಸ್ತಕವೂ

ಅಮೆರಿಕಾ ದೇಶದ ಪಶ್ಚಿಮಭಾಗದಲ್ಲಿರುವ ಯೂಟಾ ಸಂಸ್ಥಾನದ ಪ್ರಾರ್ಥನಾಮಂದಿರಗಳಲ್ಲಿ ಆಗಾಗ ಶನಿವಾರಗಳಂದು ಸ್ತ್ರೀಯರ ಸಮ್ಮೇಳನಗಳು ಜರುಗುವುದುಂಟು. ಬೆಳಗ್ಗೆ ಬಂದವರು ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಬರೆಯಿಸಿ ಆ ದಿನದ ಕಾರ್ಯಕ್ರಮ ಪತ್ರಿಕೆಯನ್ನು ಪಡೆಯುತ್ತಾರೆ. ಮೊದಲು ಕೀರ್ತನೆ, ಪ್ರಾರ್ಥನೆ. ಬಳಿಕ ಮುಖ್ಯ ಭಾಷಣ. ಆಮೇಲೆ ಎಲ್ಲರೂ ಚದರಿ ಬೇರೆ ಬೇರೆ ಕೊಠಡಿಗಳಲ್ಲಿ ನಡೆಯುವ ತರಗತಿಗಳಿಗೆ ಹೋಗುತ್ತಾರೆ. ಒಂದರಲ್ಲಿ ಯೆಶಾಯನ ಪ್ರವಾದನೆಗಳ ವ್ಯಾಖ್ಯಾನ, ಇನ್ನೊಂದರಲ್ಲಿ ಮನೆತನದ ಆಯವ್ಯಯ, ಮತ್ತೊಂದರಲ್ಲಿ ವಂಶಾವಳಿಯ ಶೋಧನೆ, ಅದರ ಪಕ್ಕದಲ್ಲಿ ಹಣ್ಣುಗಳನ್ನು ಗಾಜಿನ ಭರಣಿಯಲ್ಲಿ ಕೆಡದಂತೆ ಇಡುವ ಕ್ರಮ. ದುಃಖದಲ್ಲಿರುವವರನ್ನು ಸಂತೈಸುವ ಬಗೆಯನ್ನು ಕುರಿತೂ ಒಂದು ತರಗತಿ ಇರಬಹುದು. ಬೋಧಿಸುವವರೆಲ್ಲ ಸಾಮಾನ್ಯವಾಗಿ ಆ ಊರಿನ ಸ್ತ್ರೀಯರೇ. ಸಂಬಳದ ಉಪಾಧ್ಯಾಯರಲ್ಲ, ಪಾದ್ರಿಗಳೂ ಅಲ್ಲ. ಮಧ್ಯಾಹ್ನ ಎಲ್ಲರೂ ಮಂದಿರದ ನಡುವಣ ದೊಡ್ಡ ಅಂಗಣಕ್ಕೆ ಬಂದು ಸೇರುತ್ತಾರೆ. ವಾರದ ಉಳಿದ ದಿನಗಳಲ್ಲಿ ಹುಡುಗರು ಚೆಂಡಾಡುವ ಸ್ಥಳವದು. ಗೋಡೆಯ ಮೇಲಿನ ಬುಟ್ಟಿಬಳೆ ಹಾಗೆಯೇ ಇರುತ್ತದೆ, ಅದರ ಕೆಳಗೆ ಮೇಜುಗಳನ್ನು ಸಾಲಾಗಿ ಇಟ್ಟು ಬಟ್ಟೆ ಹಾಸಿರುತ್ತಾರೆ. ಅಲ್ಲಿ ಎಲ್ಲರಿಗೂ ಊಟ. ಎಷ್ಟೋ ಕಡೆಗಳಲ್ಲಿ ಆ ದಿನ ಬಡಿಸುವವರು ಗಂಡಸರು.

ಹೊರಗಿನಿಂದ ನೋಡಿದವರಿಗೆ ಇದು ಒಂದು ಊರಹಬ್ಬದಂತೆ ತೋರಬಹುದು. ಪಾಠ, ಊಟ, ಹೊಲಿಗೆ, ಪ್ರಾರ್ಥನೆ ಇವು ಒಂದರೊಡನೊಂದು ಹೇಗೆ ಹೊಂದುವುವು ಎಂಬ ಸಂದೇಹವೂ ಹುಟ್ಟಬಹುದು. ಆದರೆ ಈ ಸಮ್ಮೇಳನದ ಮೂಲವನ್ನು ಅರಸಿ ಹಿಂದಕ್ಕೆ ಹೋದರೆ ಕೊನೆಗೆ ಕೈಗೆ ಸಿಕ್ಕುವುದು ಒಂದು ಕೈಬರಹದ ಪುಸ್ತಕ. ಅದು ಕಾವ್ಯವಲ್ಲ, ಶಾಸ್ತ್ರವೂ ಅಲ್ಲ. ಒಂದು ಸಂಘದ ಸಭೆಗಳಲ್ಲಿ ಯಾರು ಬಂದರು, ಯಾರು ಏನು ಹೇಳಿದರು, ಎಷ್ಟು ದ್ರವ್ಯ ಕೂಡಿತು ಎಂಬುದನ್ನು ಕಾರ್ಯದರ್ಶಿನಿಯೊಬ್ಬರು ಬರೆದಿಟ್ಟ ನಡವಳಿ. ಆ ನಡವಳಿಯ ಒಂದು ವಾಕ್ಯದಲ್ಲಿ ಕೆಲವೇ ಪದಗಳು ಬದಲಾದುದರಿಂದ ಲಕ್ಷಾಂತರ ಸ್ತ್ರೀಯರ ಅಧಿಕಾರದ ಪ್ರಶ್ನೆಯೇ ಬೇರೆ ರೂಪವನ್ನು ತಾಳಿತು. ಪಾಠಾಂತರಗಳ ವಿಮರ್ಶೆಯಲ್ಲಿ ಅಭಿರುಚಿಯುಳ್ಳವರು ಗಮನಿಸತಕ್ಕ ಸಂಗತಿ ಇದು.

ಮೊದಲು ಈ ಜನರ ವಿಷಯವಾಗಿ ಒಂದೆರಡು ಮಾತು. ಯೇಸುಕ್ರಿಸ್ತನ ಅಂತ್ಯದಿನಗಳ ಸಂತರ ಸಭೆಯೆಂಬುದು ಇವರ ಸಭೆಯ ಪೂರ್ಣನಾಮ. ಲೋಕರೂಢಿಯಲ್ಲಿ ಇದಕ್ಕೆ ಮಾರ್ಮನ್ ಸಭೆ ಎಂದು ಹೆಸರು. ೧೮೩೦ರಲ್ಲಿ ಜೋಸೆಫ್ ಸ್ಮಿತ್ ಅವರಿಂದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಸ್ಥಾಪಿತವಾಯಿತು. ಇವರ ಒಂದು ನೆರೆಹೊರೆಯ ಸಭೆಗೆ ವಾರ್ಡ್ ಎಂದೂ, ಹಲವು ವಾರ್ಡುಗಳು ಕೂಡಿದ ಮಂಡಲಕ್ಕೆ ಸ್ಟೇಕ್ ಎಂದೂ ಹೆಸರು. ಸ್ಟೇಕ್ ಎಂದರೆ ಗೂಟ. ಗುಡಾರದ ಹಗ್ಗಗಳನ್ನು ಉದ್ದಮಾಡಿ ಗೂಟಗಳನ್ನು ಬಲಪಡಿಸಬೇಕೆಂಬ ಯೆಶಾಯನ ರೂಪಕದಿಂದ ಈ ಶಬ್ದ ಬಂದಿದೆ. ಮೇಲೆ ವರ್ಣಿಸಿದ ಸಮ್ಮೇಳನವನ್ನು ನಡೆಯಿಸುವುದು ಬಹುಮಟ್ಟಿಗೆ ಸ್ಟೇಕಿನ ಸ್ತ್ರೀಸಂಘ. ಆ ಸಂಘಕ್ಕೆ ರಿಲೀಫ್ ಸೊಸೈಟಿ ಎಂದು ಹೆಸರು. ಕನ್ನಡದಲ್ಲಿ ಪರಿಹಾರ ಸಂಘ ಎನ್ನಬಹುದು. ಈ ಸಭೆಯಲ್ಲಿ ಯಾಜಕ ದೀಕ್ಷೆಯು ಪುರುಷರಿಗೆ ಮಾತ್ರ. ಮುಂದೆ ಹೇಳುವ ಪಾಠಾಂತರದ ತೂಕ ತಿಳಿಯಬೇಕಾದರೆ ಈ ಅಂಶವನ್ನು ನೆನಪಿನಲ್ಲಿಡಬೇಕು.

ಸಂಘದ ಹುಟ್ಟು ಅಂಗಿ ಹೊಲಿಯುವ ವಿಚಾರದಿಂದ ಆಯಿತು. ೧೮೪೨ರಲ್ಲಿ ಈ ಜನರು ಇಲಿನಾಯ್ ಸಂಸ್ಥಾನದಲ್ಲಿ ಮಿಸಿಸಿಪ್ಪಿ ನದಿಯ ದಡದ ಮೇಲೆ ನಾವೂ ಎಂಬ ಪಟ್ಟಣವನ್ನು ಕಟ್ಟಿಕೊಂಡು ಅಲ್ಲಿ ಒಂದು ದೇವಾಲಯವನ್ನು ಎಬ್ಬಿಸುತ್ತಿದ್ದರು. ಕಲ್ಲುಕೆಲಸದವರಿಗೆ ಉಡಲು ಬಟ್ಟೆ ಸಾಲದು. ಸಾರಾ ಕಿಂಬಲ್ ಎಂಬ ತರುಣಗೃಹಿಣಿಯ ಮನೆಯಲ್ಲಿ ಹೊಲಿಗೆಯ ಕೆಲಸಕ್ಕಿದ್ದ ಮಾರ್ಗರೆಟ್ ಕುಕ್ ಎಂಬಾಕೆ, ಬಟ್ಟೆ ದೊರೆತರೆ ತಾನು ಅಂಗಿಗಳನ್ನು ಹೊಲಿದುಕೊಡುವೆನೆಂದು ಹೇಳಿದರು. ಬಟ್ಟೆ ಕೊಡಲು ಶಕ್ತಿಯಿದ್ದ ಗೃಹಿಣಿಯೂ ಹೊಲಿಯಲು ಕೈಯಿದ್ದ ದರ್ಜಿಯೂ ಸೇರಿ, ನೆರೆಯವರನ್ನು ಕೂಡಿಸಿ ಒಂದು ಸಂಘವನ್ನು ಮಾಡಬೇಕೆಂದು ಯೋಚಿಸಿದರು. ಆ ಕಾಲದ ಅಮೆರಿಕಾ ದೇಶದಲ್ಲಿ ಅಂತಹ ಸ್ತ್ರೀಸಂಘಗಳು ಊರೂರಿಗೂ ಇದ್ದುವು. ಸಂಘವೆಂದ ಮೇಲೆ ಅದಕ್ಕೊಂದು ನಿಬಂಧನೆಯ ಪತ್ರವಿರಬೇಕೆಂಬುದು ರೂಢಿ. ಪತ್ರವನ್ನು ಬರೆಯುವ ಕೆಲಸವು ಆ ಪಟ್ಟಣದಲ್ಲಿ ಕವಯಿತ್ರಿಯೆಂದು ಹೆಸರಾಗಿದ್ದ ಎಲೈಜಾ ಸ್ನೋ ಅವರ ಪಾಲಿಗೆ ಬಂತು. ಆಕೆ ಬರೆದುದನ್ನು ಜೋಸೆಫ್ ಸ್ಮಿತ್ ಅವರಿಗೆ ತೋರಿಸಿದಾಗ, ಪತ್ರವು ಬಹಳ ಚೆನ್ನಾಗಿದೆಯೆಂದು ಹೊಗಳಿ, ಆದರೆ ಅದಕ್ಕಿಂತ ಮೇಲಾದ ಒಂದು ಕ್ರಮ ತಮ್ಮಲ್ಲಿದೆಯೆಂದು ಅವರು ಹೇಳಿದರೆಂದು ಪ್ರತೀತಿ.

೧೮೪೨ನೆಯ ಇಸವಿ ಮಾರ್ಚಿ ೧೭ರಂದು ಕೆಂಪು ಇಟ್ಟಿಗೆಯ ಅಂಗಡಿಯೊಂದರ ಮಹಡಿಯ ಮೇಲೆ ೨೦ ಮಂದಿ ಸ್ತ್ರೀಯರು ಸೇರಿದರು. ಕೆಳಗೆ ವ್ಯಾಪಾರ, ಮೇಲೆ ಸಭೆ. ಸ್ಮಿತ್ ಅವರ ಪತ್ನಿ ಎಮ್ಮಾ ಸ್ಮಿತ್ ಅಧ್ಯಕ್ಷಿಣಿಯಾಗಿ ಚುನಾಯಿತರಾದರು. ಸಾರಾ ಕ್ಲೀವ್‌ಲೆಂಡ್, ಎಲಿಜಬೆತ್ ಆನ್ ವಿಟ್ನಿ ಇಬ್ಬರು ಆಕೆಯ ಸಹಾಯಕರು. ಎಲೈಜಾ ಸ್ನೋ ಕಾರ್ಯದರ್ಶಿನಿ. ಹೆಸರನ್ನು ಕುರಿತು ನಡೆದ ಚರ್ಚೆಯು ಸ್ವಾರಸ್ಯವಾದುದು. ಅಲ್ಲಿದ್ದ ಪುರುಷರಲ್ಲಿ ಜಾನ್ ಟೇಲರ್ ಅವರು 'ಪರೋಪಕಾರಿ' ಎಂಬರ್ಥದ ಶಬ್ದವೇ ಮೇಲೆಂದರು. ಅಧ್ಯಕ್ಷಿಣಿ ಒಪ್ಪಲಿಲ್ಲ: ಆ ಹೆಸರನ್ನಿಟ್ಟುಕೊಂಡ ಸಂಘವೊಂದು ಅಪಕೀರ್ತಿಗೆ ಗುರಿಯಾಗಿದೆ, ತಮ್ಮದು ಕಷ್ಟದಲ್ಲಿದ್ದವರ ಭಾರವನ್ನು ಇಳಿಸುವ ಸಂಘವಾದುದರಿಂದ 'ಪರಿಹಾರ'ವೆಂಬುದೇ ತಕ್ಕ ಮಾತು ಎಂದು ವಾದಿಸಿದರು. ಕೊನೆಗೆ ನಿಂತುದು ಆಕೆಯ ಮಾತೇ. ಸ್ಥಾಪನೆಯ ದಿನವೇ ಒಂದು ಶಬ್ದದ ಅರ್ಥವನ್ನು ಕುರಿತು ವಾದಮಾಡಿ ಗೆದ್ದ ಸಂಘವಿದು. ಎರಡು ವರ್ಷಗಳಲ್ಲಿ ಸದಸ್ಯೆಯರ ಸಂಖ್ಯೆ ೧,೩೦೦ನ್ನು ಮೀರಿತು. ಮಹಡಿಯ ಕೊಠಡಿ ಸಾಲದೆ ದೇವಾಲಯದ ಬಳಿಯ ಮರದ ತೋಪಿನಲ್ಲಿ ಸಭೆ ಸೇರಬೇಕಾಯಿತು.

ಸಭೆಗಳ ನಡವಳಿಯನ್ನು ಸ್ನೋ ಅವರು ಒಂದು ದೊಡ್ಡ ಲೆಕ್ಕದ ಪುಸ್ತಕದಲ್ಲಿ ಬರೆದರು. ಅದರ ಸ್ವರೂಪವನ್ನು ಕುರಿತು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. ನಡವಳಿಯೆಂಬುದು ಸಾಹಿತ್ಯದ ಚರಿತ್ರಕಾರರು ಬಹುಶಃ ಕಣ್ಣೆತ್ತಿಯೂ ನೋಡದ ಬರವಣಿಗೆಯ ಜಾತಿ. ದಿನಾಂಕ, ಸ್ಥಳ, ಹೊಸದಾಗಿ ಸೇರಿದವರ ಹೆಸರು, ಕೊಟ್ಟ ಕಾಣಿಕೆ, ಆಡಿದ ಮಾತಿನ ಸಾರ—ಇಷ್ಟೇ ಅದರ ಸಾಮಗ್ರಿ. ಕಾಣಿಕೆಯಾದರೂ ಎಲ್ಲವೂ ಹಣವಲ್ಲ. ಇಂಥವರು ಬಟ್ಟೆ ಕೊಟ್ಟರು, ಇಂಥವರು ನೂಲುವ ಕೆಲಸಕ್ಕೆ ಒಪ್ಪಿದರು, ಇಂಥ ವಿಧವೆಗೆ ಕೆಲಸ ಬೇಕು ಎಂಬ ವಿವರಗಳು ಅಲ್ಲಲ್ಲಿ ಬರುತ್ತವೆ. ಬರೆಯುವವರಿಗೆ ಶಬ್ದಾಲಂಕಾರಕ್ಕೆ ಅವಕಾಶವಿಲ್ಲ. ಸ್ನೋ ಅವರ ಪದ್ಯಗಳಲ್ಲಿ ಕಾಣುವ ಆಡಂಬರ ಈ ಪುಟಗಳಲ್ಲಿ ಕಾಣದು. ಪದ್ಯಗಳಿಗಿಂತ ಈ ಪುಟಗಳೇ ಇಂದು ಹೆಚ್ಚಾಗಿ ಓದಲ್ಪಡುತ್ತಿರುವುದು ಆಶ್ಚರ್ಯವಲ್ಲ. ಲೇಖನಿಯ ಗುರುತೇ ಇಲ್ಲದ ಎಷ್ಟೋ ಮಂದಿ ಸ್ತ್ರೀಯರ ಮಾತು ಉಳಿದಿರುವುದು ಇಲ್ಲಿ ಮಾತ್ರ.

ಸ್ಥಾಪಕರು ಆ ಬೇಸಗೆಯಲ್ಲಿ ಹಲವು ಸಲ ಸಂಘದ ಸಭೆಗೆ ಬಂದು ಉಪದೇಶಮಾಡಿದರು. ೧೮೪೨ರ ಏಪ್ರಿಲ್ ೨೮ರ ಭಾಷಣವು ಅವುಗಳಲ್ಲಿ ಮುಖ್ಯವಾದುದು. ಅದರಲ್ಲಿ ಬೀಗದ ಕೈಯ ರೂಪಕವೊಂದಿದೆ. ಕನ್ನಡ ಬೈಬಲನ್ನು ಓದಿದವರಿಗೆ ಈ ರೂಪಕ ಹೊಸದಲ್ಲ. ಪರಲೋಕರಾಜ್ಯದ ಬೀಗದ ಕೈಗಳನ್ನು ಯೇಸುವು ಪೇತ್ರನಿಗೆ ಕೊಡುವ ಸಂದರ್ಭವನ್ನು ಮತ್ತಾಯನ ಸುವಾರ್ತೆಯಲ್ಲಿ ಕಾಣಬಹುದು. ಬೈಬಲಿನ ಮಾತು ಹಾಗಿರಲಿ, ನಮ್ಮ ಮನೆಗಳಲ್ಲಿಯೂ ಅತ್ತೆಯ ಸೊಂಟದಲ್ಲಿದ್ದ ಬೀಗದ ಕೈ ಗೊಂಚಲು ಎಂದು ಸೊಸೆಯ ಕೈಗೆ ಬಂದಿತೋ ಅಂದಿಗೆ ಮನೆಯ ಯಜಮಾನಿಕೆ ಬದಲಾಯಿತೆಂದು ಅರ್ಥ; ಬೇರೆ ದಸ್ತಾವೇಜು ಬೇಕಾಗಿಲ್ಲ. ಸ್ನೋ ಅವರ ನಡವಳಿಯಂತೆ ಸ್ಮಿತ್ ಅವರು ಅಂದು ಸ್ತ್ರೀಯರಿಗೆ ಹೇಳಿದುದು ಇದು: ತಾನು ಈಗ ಬೀಗದ ಕೈಯನ್ನು ದೇವರ ಹೆಸರಿನಲ್ಲಿ ಅವರಿಗೆ ತಿರುಗಿಸಿಕೊಡುತ್ತೇನೆ ಎಂದು.

ಸುಮಾರು ಹದಿಮೂರು ವರ್ಷಗಳ ಮೇಲೆ, ಸ್ಥಾಪಕರು ತೀರಿಕೊಂಡು ಜನರು ಯೂಟಾದಲ್ಲಿ ನೆಲೆಸಿದ ಬಳಿಕ, ಸಭೆಯ ಚರಿತ್ರಲೇಖಕರು ಸ್ಮಿತ್ ಅವರ ಚರಿತ್ರೆಯನ್ನು ಸಿದ್ಧಪಡಿಸುವಾಗ ಈ ನಡವಳಿಯಿಂದ ಭಾಷಣಗಳನ್ನು ತೆಗೆದುಕೊಂಡರು. ತೆಗೆದುಕೊಂಡರಷ್ಟೇ ಅಲ್ಲ, ತಿದ್ದಿದರು. ೧೮೫೦ರ ದಶಕದಲ್ಲಿ 'ಡೆಸೆರೆಟ್ ನ್ಯೂಸ್' ಪತ್ರಿಕೆಯಲ್ಲಿ ಅಚ್ಚಾದ ರೂಪದಲ್ಲಿ ಆ ವಾಕ್ಯದ ಭಾವ ಬೇರೆ: ಬೀಗದ ಕೈಯನ್ನು ತಾನು ಅವರ ಪರವಾಗಿ ತಿರುಗಿಸುತ್ತೇನೆ ಎಂದು. ಇಂಗ್ಲಿಷಿನಲ್ಲಿ ಇದು ಎರಡು ಸಣ್ಣ ಪದಗಳ ಜಾಗದಲ್ಲಿ ಮೂರು ಪದಗಳನ್ನು ಇಟ್ಟಷ್ಟೇ ಬದಲಾವಣೆ. ಕನ್ನಡದಲ್ಲಿಯಾದರೆ ಇನ್ನೂ ಸಣ್ಣದು. 'ನಿಮಗೆ' ಎಂಬುದಕ್ಕೂ 'ನಿಮಗಾಗಿ' ಎಂಬುದಕ್ಕೂ ಇರುವ ಅಂತರವೆಷ್ಟು! ಎರಡರಲ್ಲಿಯೂ ಚತುರ್ಥಿಯೇ ನಿಂತಿದೆ. ಆದರೆ ಮೊದಲನೆಯದರಲ್ಲಿ ಬೀಗದ ಕೈ ಕೈಬದಲಾಯಿಸಿತು. ಪಡೆದವರು ಬಾಗಿಲನ್ನು ತಾವೇ ತೆರೆಯಬಲ್ಲರು, ಮುಚ್ಚಬಲ್ಲರು. ಎರಡನೆಯದರಲ್ಲಿ ಬೀಗದ ಕೈ ಕೊಟ್ಟವರ ಬಳಿಯಲ್ಲಿಯೇ ಉಳಿಯಿತು. ಬಾಗಿಲು ಅವರ ಹಿತಕ್ಕಾಗಿ ತೆರೆಯಲ್ಪಟ್ಟಿತು, ಅಷ್ಟೆ. ವೈಯಾಕರಣರು ಸಂಪ್ರದಾನವೆಂದೂ ತಾದರ್ಥ್ಯವೆಂದೂ ವಿಂಗಡಿಸುವ ಭೇದವು ಇಲ್ಲಿ ಒಂದು ಸಂಘದ ಹಕ್ಕಿನ ಪ್ರಶ್ನೆಯಾಗಿ ನಿಂತಿದೆ.

ತಿದ್ದುಪಡಿ ಕಳ್ಳತನದಿಂದ ಆದುದೆಂದು ಹೇಳುವುದು ಅನ್ಯಾಯವಾಗುತ್ತದೆ. ಆ ಕಾಲದ ಚರಿತ್ರಲೇಖಕರು ಮೂಲದ ಮಾತನ್ನು ಯಥಾವತ್ತಾಗಿ ಇಡುವುದು ತಮ್ಮ ಧರ್ಮವೆಂದು ಎಣಿಸಲಿಲ್ಲ. ಟಿಪ್ಪಣಿಯ ರೂಪದಲ್ಲಿದ್ದುದನ್ನು ತುಂಬಿ ಬೆಳೆಸಿ, ಸ್ಪಷ್ಟಪಡಿಸಿ, ತಮ್ಮ ಕಾಲದ ಆಚಾರಕ್ಕೆ ಹೊಂದಿಸಿ ಬರೆಯುವುದು ಅವರಿಗೆ ಸಹಜವಾಗಿತ್ತು. ನಮ್ಮ ಪ್ರತಿಕಾರರಲ್ಲಿಯೂ ಇಂತಹವರನ್ನು ಕಾಣುತ್ತೇವೆ. ಅರ್ಥವಾಗದ ಶಬ್ದವನ್ನು ಅರ್ಥವಾಗುವ ಶಬ್ದಕ್ಕೆ ಬದಲಾಯಿಸಿದ ಲಿಪಿಕಾರನು ದುಷ್ಟನಲ್ಲ. ಆದರೂ ಸಂಪಾದಕನು ಅವನ ಪಾಠವನ್ನು ಒಪ್ಪಲಾರನು. ಇನ್ನೊಂದು ಪಕ್ಷವೂ ಉಂಟು: ಸ್ನೋ ಅವರ ನಡವಳಿ ಶೀಘ್ರಲಿಪಿಯಲ್ಲಿ ಬರೆದುದಲ್ಲ, ಭಾಷಣದ ಸಾರ ಮಾತ್ರ, ಆದುದರಿಂದ ಪ್ರತಿಯೊಂದು ಪದವೂ ವಕ್ತೃವಿನದೇ ಎಂದು ಆಣೆಯಿಡಲಾಗದು. ಹಾಗಿದ್ದರೂ ಎರಡು ಪಾಠಗಳಲ್ಲಿ ಒಂದು ಸಭೆಯಲ್ಲಿ ಕುಳಿತು ಕೇಳಿದವರದು, ಇನ್ನೊಂದು ಹದಿಮೂರು ವರ್ಷಗಳ ಮೇಲೆ ಮೇಜಿನ ಮುಂದೆ ಕುಳಿತು ತಿದ್ದಿದವರದು. ಯಾವುದಕ್ಕೆ ಪ್ರಾಮಾಣ್ಯ ಹೆಚ್ಚೆಂಬುದನ್ನು ಗ್ರಂಥಸಂಪಾದನೆಯ ಪ್ರಥಮ ವಿದ್ಯಾರ್ಥಿಯೂ ಹೇಳಬಲ್ಲನು. ಮುಂದೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಭೆಯ ಚರಿತ್ರೆ ಸಂಪುಟಗಳಾಗಿ ಹೊರಬಂದಾಗ ಅಲ್ಲಿಯೂ ತಿದ್ದಿದ ಪಾಠವೇ ನಿಂತಿತು. ತಲೆಮಾರುಗಟ್ಟಲೆ ಜನ ಓದಿದುದು ಅದನ್ನೇ.

ಮೂಲದ ಪುಸ್ತಕವಾದರೂ ಉಳಿದುದು ಹೇಗೆ? ಇದು ಒಂದು ಕಥೆಯೇ ಸರಿ. ನಾವೂ ಪಟ್ಟಣದಲ್ಲಿ ಬಹುಪತ್ನೀತ್ವದ ಆಚರಣೆ ಗುಟ್ಟಾಗಿ ಹಬ್ಬಿದಾಗ ಎಮ್ಮಾ ಸ್ಮಿತ್ ಅದನ್ನು ವಿರೋಧಿಸಿದರು. ೧೮೪೪ರ ಮಾರ್ಚಿಯ ಸಭೆಗಳಲ್ಲಿ ಆ ವಿರೋಧ ಬಹಿರಂಗವಾಗಿಯೇ ಕಾಣಿಸಿಕೊಂಡಿತು. ಅವೇ ಆ ಪುಸ್ತಕದ ಕಡೆಯ ಸಭೆಗಳು. ಜೂನ್ ೨೭ರಂದು ಜೋಸೆಫ್ ಸ್ಮಿತ್ ದೊಂಬಿಯವರ ಗುಂಡಿಗೆ ಬಲಿಯಾದರು. ಅವರ ಬಳಿಕ ಮುಂದಾಳಾದ ಬ್ರಿಗಮ್ ಯಂಗ್ ಅವರು ೧೮೪೫ರಲ್ಲಿ ಸ್ತ್ರೀಯರ ಸಂಘವನ್ನು ನಿಲ್ಲಿಸಿಬಿಟ್ಟರು. ಎಮ್ಮಾ ಸ್ಮಿತ್ ಅವರನ್ನು ಅನುಸರಿಸಿ ಪಶ್ಚಿಮಕ್ಕೆ ಹೋಗಲಿಲ್ಲ. ಹೋದವರು ಎಲೈಜಾ ಸ್ನೋ. ಈಕೆ ಸ್ವತಃ ಜೋಸೆಫ್ ಸ್ಮಿತ್ ಅವರನ್ನು ೧೮೪೨ರಲ್ಲಿ ಗುಟ್ಟಾಗಿ ವರಿಸಿದವರಲ್ಲಿ ಒಬ್ಬರು. ಅಧ್ಯಕ್ಷಿಣಿಗೂ ಕಾರ್ಯದರ್ಶಿನಿಗೂ ನಡುವೆ ಇದ್ದ ಈ ಮುಳ್ಳನ್ನು ನಡವಳಿ ಹೇಳುವುದಿಲ್ಲ. ಮಳೆ, ಕೆಸರು, ಎತ್ತಿನ ಬಂಡಿಗಳ ಆ ದೀರ್ಘ ವಲಸೆಯಲ್ಲಿ ಬೇಡವಾದ ಸಾಮಾನುಗಳನ್ನೆಲ್ಲ ದಾರಿಯಲ್ಲಿ ಬಿಟ್ಟವರುಂಟು. ನಿಂತುಹೋದ ಸಂಘವೊಂದರ ನಡವಳಿ ಪುಸ್ತಕಕ್ಕೆ ಪ್ರಯೋಜನವೇನೆಂದು ಸ್ನೋ ಅವರು ಯೋಚಿಸಿದಂತೆ ಕಾಣುವುದಿಲ್ಲ. ಪುಸ್ತಕವು ಆಕೆಯೊಡನೆ ೧೮೪೭ರಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ಸೇರಿತು.

ಇಪ್ಪತ್ತು ವರ್ಷಗಳ ಮೇಲೆ ಅದರ ಬೆಲೆ ತಿಳಿಯಿತು. ನಡುವೆ ಅಲ್ಲಲ್ಲಿ ಸಂಘಗಳು ಹುಟ್ಟಿ ಕ್ಷೀಣಿಸಿದ್ದುವು. ೧೮೬೭-೬೮ರಲ್ಲಿ, ಹಿಂದೆ ನಿಲ್ಲಿಸಿದ್ದ ಯಂಗ್ ಅವರೇ ಎಲ್ಲ ವಾರ್ಡುಗಳಲ್ಲಿಯೂ ಸಂಘವನ್ನು ಪುನಃ ಸ್ಥಾಪಿಸಬೇಕೆಂದು ಅಪೇಕ್ಷೆಪಟ್ಟು ಆ ಭಾರವನ್ನು ಸ್ನೋ ಅವರಿಗೆ ವಹಿಸಿದರು. ಆಕೆ ಊರಿಂದೂರಿಗೆ ಹೋಗಿ, ಹೊಸ ಸಂಘವನ್ನು ಕೂಡಿಸುವ ಮುನ್ನ ನಾವೂ ಪಟ್ಟಣದ ನಡವಳಿಯಿಂದ ಭಾಗಗಳನ್ನು ಓದಿ ಹೇಳುತ್ತಿದ್ದರು. ಹೀಗೆ ಒಂದು ಲೆಕ್ಕದ ಪುಸ್ತಕವು ನಿಬಂಧನೆಯೂ ಆಯಿತು, ಪಾರಾಯಣದ ಗ್ರಂಥವೂ ಆಯಿತು. ಅಚ್ಚಿನಲ್ಲಿ ತಿದ್ದಿದ ಪಾಠ, ಸಭೆಯಲ್ಲಿ ಓದಿ ಹೇಳುವ ಮೂಲಪಾಠ—ಇವೆರಡೂ ಒಂದೇ ಕಾಲದಲ್ಲಿ ಒಂದೇ ಜನರಲ್ಲಿ ನಡೆಯುತ್ತಿದ್ದುದು ವಿಶೇಷ. ಗಮಕಿಯ ಬಾಯಲ್ಲಿ ಒಂದು ಪಾಠ, ಓಲೆಯಲ್ಲಿ ಒಂದು ಪಾಠ ಉಳಿದುಬಂದಿರುವುದನ್ನು ನಾವೂ ಬಲ್ಲೆವಷ್ಟೆ.

ಪುನಃಸ್ಥಾಪನೆಯ ಉತ್ಸಾಹ ಎಷ್ಟಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು. ಮೊದಲು ಅಂಗಿಯ ಯೋಚನೆ ಮಾಡಿದ ಸಾರಾ ಕಿಂಬಲ್ ಅವರೇ ಸಾಲ್ಟ್ ಲೇಕ್ ಪಟ್ಟಣದ ೧೫ನೆಯ ವಾರ್ಡಿನ ಅಧ್ಯಕ್ಷಿಣಿಯಾಗಿದ್ದರು. ೧೮೬೮ರ ನವೆಂಬರಿನಲ್ಲಿ ಅವರು ಸಂಘಕ್ಕೆ ಸ್ವಂತ ಕಟ್ಟಡವೊಂದಕ್ಕೆ ಅಸ್ತಿಭಾರದ ಕಲ್ಲನ್ನಿಟ್ಟರು. ಕೆಳಗೆ ಅಂಗಡಿ, ಮೇಲೆ ಸಭಾಂಗಣ. ನಾವೂ ಪಟ್ಟಣದ ಕೆಂಪು ಇಟ್ಟಿಗೆಯ ಅಂಗಡಿಯದೇ ಪ್ರತಿರೂಪ. ವ್ಯತ್ಯಾಸವೆಂದರೆ ಈ ಸಲ ಅಂಗಡಿಯೂ ಸ್ತ್ರೀಯರದೇ.

೧೮೭೦ರ ಜನವರಿ ೧೩ರಂದು ಹಳೆಯ ಟ್ಯಾಬರ್ನೇಕಲ್ ಮಂದಿರದಲ್ಲಿ ಸುಮಾರು ೫,೦೦೦ ಸ್ತ್ರೀಯರ ಸಭೆ ಸೇರಿತು. ಪತ್ರಿಕೆಯ ವರದಿಗಾರರ ಹೊರತು ಗಂಡಸರಿಗೆ ಪ್ರವೇಶವಿರಲಿಲ್ಲ. ಸೇರಿದ ಕಾರಣ ಬಹುಪತ್ನೀತ್ವವನ್ನು ದಂಡಿಸುವ ಮಸೂದೆಯ ಖಂಡನೆ. ತಮ್ಮ ಮೇಲೆ ಬಂಧನವೆಂದು ಹೊರಲೋಕ ಎಣಿಸಿದ್ದ ಆಚಾರವನ್ನು ಸ್ತ್ರೀಯರೇ ವೇದಿಕೆಯೇರಿ ಸಮರ್ಥಿಸಿದುದನ್ನು ಕಂಡು ವರದಿಗಾರರು ಬೆರಗಾದರು. ಮುಂದಿನ ತಿಂಗಳಲ್ಲಿಯೇ ಯೂಟಾದ ಶಾಸನಸಭೆಯು ಸ್ತ್ರೀಯರಿಗೆ ಮತದಾನದ ಹಕ್ಕನ್ನು ಕೊಟ್ಟಿತು. ೧೮೮೭ರಲ್ಲಿ ಕೇಂದ್ರ ಸರಕಾರವು ಅದನ್ನು ಕಸಿದುಕೊಂಡಿತು. ೧೮೯೬ರಲ್ಲಿ ಯೂಟಾ ಪೂರ್ಣ ಸಂಸ್ಥಾನವಾದಾಗ ಅದು ಮರಳಿ ಬಂದಿತು. ವಾದದ ಸರಿತಪ್ಪುಗಳು ಹೇಗಾದರೂ ಇರಲಿ, ಅಷ್ಟು ಮಂದಿ ಎದುರಿಗೆ ನಿಂತು ಮಾತನಾಡುವ ಶಕ್ತಿ ಅವರಿಗೆ ಹೊಲಿಗೆಯ ಸಭೆಗಳಲ್ಲಿಯೇ ಅಭ್ಯಾಸವಾದುದು. ೧೮೭೨ರಿಂದ ೧೯೧೪ರ ವರೆಗೆ ನಡೆದ 'ವುಮನ್ಸ್ ಎಕ್ಸ್‌ಪೊನೆಂಟ್' ಎಂಬ ಪತ್ರಿಕೆಯಲ್ಲಿ ಹಳ್ಳಿಹಳ್ಳಿಗಳ ಸಂಘಗಳ ವರದಿಗಳು ಅಚ್ಚಾಗಿವೆ. ೧೮೭೭ರಿಂದ ಅದರ ಸಂಪಾದಕಿಯಾಗಿದ್ದವರು ಎಮ್ಮಲೀನ್ ವೆಲ್ಸ್. ಇಡೀ ಸಂಘದ ಮೊದಲ ಸಾಮಾನ್ಯ ಸಮ್ಮೇಳನವು ಸ್ನೋ ಅವರು ಕಾಲವಾದ ಮೇಲೆ, ೧೮೮೯ರ ಏಪ್ರಿಲ್ ೬ರಂದು ಜರುಗಿತು.

ಇನ್ನು ತರಗತಿಗಳ ವಿಷಯ. ಆರಂಭದಲ್ಲಿ ಪಾಠವೆಂಬುದು ಪ್ರತ್ಯೇಕವಾಗಿರಲಿಲ್ಲ. ಕೈ ಸೂಜಿಯಲ್ಲಿದ್ದಾಗ ಕಿವಿಗೆ ಏನಾದರೂ ಬೇಕಾಗುತ್ತಿತ್ತು, ಒಬ್ಬರು ಓದುತ್ತಿದ್ದರು. ೧೯೦೨ರ ಸುಮಾರಿಗೆ ತಾಯಂದಿರ ತರಗತಿಗಳು ಹುಟ್ಟಿದುವು. ೧೯೧೪ರಿಂದ ಎಲ್ಲ ಸಂಘಗಳಿಗೂ ಒಂದೇ ಪಾಠಕ್ರಮ ಗೊತ್ತಾಯಿತು. ಮರುವರ್ಷದಿಂದ 'ರಿಲೀಫ್ ಸೊಸೈಟಿ ಮ್ಯಾಗಜೀನ್' ಎಂಬ ಮಾಸಪತ್ರಿಕೆಯು ಆ ಪಾಠಗಳನ್ನು ಮನೆಮನೆಗೂ ಮುಟ್ಟಿಸಿತು. ತಿಂಗಳಿನ ನಾಲ್ಕು ವಾರಗಳನ್ನು ವಿಷಯಕ್ಕೊಂದರಂತೆ ಹಂಚಿದ್ದರು: ಒಂದು ವಾರ ಧರ್ಮವಿಚಾರ, ಒಂದು ವಾರ ಕೈಗೆಲಸ, ಒಂದು ವಾರ ಸಮಾಜಸೇವೆ, ಒಂದು ವಾರ ಸಾಹಿತ್ಯ. ಸಾಹಿತ್ಯದ ಉಪಾಧ್ಯಾಯರು ಈ ಕಡೆಯದನ್ನು ಕಂಡು ಸಂತೋಷಪಡಬೇಕು. ಪ್ರೌಢಶಾಲೆಯ ಮೆಟ್ಟಲನ್ನು ಹತ್ತದ ಎಷ್ಟೋ ಗೃಹಿಣಿಯರು ಇಂಗ್ಲೆಂಡ್, ಅಮೆರಿಕಾ ದೇಶಗಳ ಕವಿಗಳನ್ನೂ ಕಾದಂಬರಿಕಾರರನ್ನೂ ವಾರದ ಮಧ್ಯಾಹ್ನಗಳಲ್ಲಿ ಓದಿ ಚರ್ಚಿಸಿದರು. ಪರೀಕ್ಷೆಯಿಲ್ಲ, ಪದವಿಯಿಲ್ಲ, ಪಾಠ ಹೇಳುವ ನೆರೆಮನೆಯಾಕೆ ಹಿಂದಿನ ರಾತ್ರಿ ಓದಿ ಸಿದ್ಧಳಾಗಿ ಬರಬೇಕಷ್ಟೆ. ಇಷ್ಟು ವಿಸ್ತಾರವಾದ ಸಾಹಿತ್ಯಾಧ್ಯಯನವನ್ನು ಇಷ್ಟು ಕಡಮೆ ಸದ್ದಿನಿಂದ ನಡೆಯಿಸಿದ ಸಂಸ್ಥೆಗಳು ವಿರಳ.

ಬೀಗದ ಕೈಯ ಪ್ರಶ್ನೆ ಈ ನಡುವೆ ಮಲಗಿರಲಿಲ್ಲ. ಅದು ರೂಪಕವನ್ನು ಬಿಟ್ಟು ನಿಜವಾದ ಕಣಜದ ಬಾಗಿಲಿಗೆ ಬಂದುದೂ ಉಂಟು. ೧೮೭೬ರಿಂದ ಸಂಘದವರು ಕ್ಷಾಮಕ್ಕೆಂದು ಗೋದಿಯನ್ನು ಕೂಡಿಡತೊಡಗಿದ್ದರು. ಸುಗ್ಗಿಯಾದ ಮೇಲೆ ಹೊಲದಲ್ಲಿ ಉದುರಿದ ತೆನೆಗಳನ್ನು ಆಯ್ದು ತಂದ ಕಾಳೂ ಅದರಲ್ಲಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೮ರಲ್ಲಿ, ಆ ಸಂಗ್ರಹದಿಂದ ೨,೦೦,೦೦೦ ಬುಷೆಲಿಗೂ ಹೆಚ್ಚು ಗೋದಿ ಅಮೆರಿಕಾ ಸರಕಾರಕ್ಕೆ ಮಾರಲ್ಪಟ್ಟಿತು. ಮಾರಾಟಕ್ಕೆ ಒಪ್ಪಿಗೆ ಕೊಟ್ಟವರು ಸಭೆಯ ಲೌಕಿಕ ವ್ಯವಹಾರಗಳ ಪುರುಷಾಧಿಕಾರಿಗಳು. ಸಂಘದ ಅಧ್ಯಕ್ಷಿಣಿಯರನ್ನು ಮೊದಲು ಕೇಳಿರಲಿಲ್ಲ. ಗೋದಿ ಒಳ್ಳೆಯ ಕಾರ್ಯಕ್ಕೆ ಹೋಯಿತು, ಬಂದ ಹಣವೂ ಸಂಘದ ಹೆಸರಿನಲ್ಲಿಯೇ ಇತ್ತು. ಆದರೂ ಕಣಜವು ಅವರದೋ, ಅವರ ಪರವಾಗಿ ಇನ್ನೊಬ್ಬರದೋ ಎಂಬುದು ಅಂದು ಎಲ್ಲರಿಗೂ ಕಾಣುವಂತಾಯಿತು. ೧೯೫೬ರಲ್ಲಿ ಸಾಲ್ಟ್ ಲೇಕ್ ಪಟ್ಟಣದಲ್ಲಿ ಸಂಘದ ಸ್ವಂತ ಭವನ ಸಿದ್ಧವಾಯಿತು. ಸದಸ್ಯೆಯರು ತಲೆಗೆ ಐದು ಡಾಲರಿನಂತೆ ಕೊಟ್ಟ ಹಣ ಅದರಲ್ಲಿ ಸೇರಿತ್ತು. ೧೯೭೦ರಲ್ಲಿ ಸಂಘದ ಪ್ರತ್ಯೇಕ ನಿಧಿಯು ಸಭೆಯ ಸಾಮಾನ್ಯ ನಿಧಿಯಲ್ಲಿ ಲೀನವಾಯಿತು; ಆ ವರ್ಷದ ಕೊನೆಗೆ ಮಾಸಪತ್ರಿಕೆಯೂ ನಿಂತಿತು. ಮರುವರ್ಷದಿಂದ ಚಂದಾ ಕೊಟ್ಟು ಸೇರುವ ಪದ್ಧತಿ ಹೋಗಿ ಸಭೆಯ ವಯಸ್ಕ ಸ್ತ್ರೀಯರೆಲ್ಲರೂ ತಾವಾಗಿಯೇ ಸದಸ್ಯೆಯರಾದರು. ೧೯೮೦ರಲ್ಲಿ ವಾರದ ನಡುವಣ ಸಭೆಯು ಭಾನುವಾರದ ಆರಾಧನೆಯ ಜೊತೆಗೆ ಸೇರಿಹೋಯಿತು. ಸಂಖ್ಯೆ ಬೆಳೆಯಿತು, ಇಂದು ೭೦ ಲಕ್ಷವನ್ನು ಮೀರಿದೆ. ಸ್ವಂತ ಮಧ್ಯಾಹ್ನ ಮಾತ್ರ ಹೋಯಿತು.

ಈ ಹಿನ್ನೆಲೆಯಿಂದ ನೋಡಿದರೆ ಶನಿವಾರದ ಸಮ್ಮೇಳನವು ಏನೆಂಬುದು ತಿಳಿಯುತ್ತದೆ. ವಾರವಾರವೂ ನಡೆಯುತ್ತಿದ್ದ ಪಾಠ, ಕೈಗೆಲಸ, ಹರಟೆ, ಉಪಹಾರಗಳನ್ನು ವರ್ಷಕ್ಕೊಮ್ಮೆ ಒಂದೇ ದಿನದಲ್ಲಿ ಕೂಡಿಸಿಟ್ಟ ರೂಪವದು. ಪ್ರೋವೋ ಪಟ್ಟಣದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ೧೯೭೬ರಲ್ಲಿ ಆರಂಭವಾದ ಸ್ತ್ರೀಸಮ್ಮೇಳನವು ಇವುಗಳಲ್ಲಿ ದೊಡ್ಡದು. ಸಾವಿರಾರು ಮಂದಿ ಬಂದು ವಿದ್ಯಾರ್ಥಿಗಳು ಕೂರುವ ಬೆಂಚುಗಳಲ್ಲಿ ಕುಳಿತು ತರಗತಿಗಳನ್ನು ಕೇಳುತ್ತಾರೆ. ಸ್ಟೇಕುಗಳ ಸಮ್ಮೇಳನಗಳು ಅದರ ಚಿಕ್ಕ ಪ್ರತಿಗಳು. ಒಂದು ಮೂಲೆಯಲ್ಲಿ ಚೌಕಟ್ಟಿಗೆ ಬಿಗಿದ ಕೌದಿ ಇರುತ್ತದೆ. ತರಗತಿಯಿಂದ ತರಗತಿಗೆ ಹೋಗುವವರು ನಡುವೆ ನಾಲ್ಕು ಗಂಟು ಹಾಕಿ ಹೋಗುತ್ತಾರೆ, ಸಂಜೆಯ ಹೊತ್ತಿಗೆ ಅದು ಮುಗಿದು ಯಾವುದೋ ಆಸ್ಪತ್ರೆಗೋ ನಿರಾಶ್ರಿತರಿಗೋ ಸೇರುತ್ತದೆ. ನಾವೂ ಪಟ್ಟಣದ ಅಂಗಿಯ ವಂಶದ್ದೇ ಈ ಕೌದಿ.

ಊಟವನ್ನು ಕೇವಲ ಹೊಟ್ಟೆಯ ಅನುಕೂಲವೆಂದು ತಳ್ಳಿಬಿಡಲಾಗದು. ಸಂಘದ ಹುಟ್ಟುಹಬ್ಬವೆಂದು ಮಾರ್ಚಿ ೧೭ರ ಸುಮಾರಿಗೆ ವಾರ್ಡುಗಳಲ್ಲಿ ಸಹಭೋಜನ ಮಾಡುವ ಪದ್ಧತಿ ಇಂದಿಗೂ ಉಂಟು. ಸಾವಿನ ಮನೆಯವರಿಗೆ ಅಡಿಗೆ ಮಾಡಿ ಒಯ್ಯುವುದು ಸಂಘದವರ ಬಹುಕಾಲದ ಕರ್ತವ್ಯ. ಆಲೂಗಡ್ಡೆ, ಗಿಣ್ಣು, ಕೆನೆಗಳನ್ನು ಬೆರಸಿ ಬೇಯಿಸಿದ ಒಂದು ಭಕ್ಷ್ಯಕ್ಕೆ ಆ ಸೀಮೆಯಲ್ಲಿ 'ಶವಸಂಸ್ಕಾರದ ಆಲೂಗಡ್ಡೆ' ಎಂದೇ ಹೆಸರು ಬಂದಿದೆ. ಹೆಸರು ಕೇಳಿ ನಮ್ಮವರು ಬೆಚ್ಚಬಹುದು, ಅಲ್ಲಿನವರು ಸಂತೋಷದ ಕೂಟಗಳಲ್ಲಿಯೂ ಅದನ್ನು ಬಡಿಸುತ್ತಾರೆ. ಇತರರಿಗೆ ಬಡಿಸುವುದೇ ಧರ್ಮವಾಗಿರುವ ಸಂಘದವರು ಸಮ್ಮೇಳನದ ದಿನ ಕುಳಿತು ಉಣ್ಣುತ್ತಾರೆ. ಸಣ್ಣ ಮಾತೆಂದು ತೋರಬಹುದು. ಆದರೆ ನಡವಳಿಯ ಪ್ರಶ್ನೆಗೂ ಇದಕ್ಕೂ ಸಂಬಂಧವಿದೆ: ಒಲೆಯ ಬಳಿ ನಿಂತವರು ಚರ್ಚೆಗೆ ಬಾರರು, ಚರ್ಚೆಗೆ ಬಾರದವರ ಹೆಸರು ನಡವಳಿಯಲ್ಲಿ ಬರದು.

೨೦೧೬ರಲ್ಲಿ ಸಭೆಯ ಚರಿತ್ರವಿಭಾಗದ ಮುದ್ರಣಾಲಯವೇ ಸಂಘದ ಮೊದಲ ೫೦ ವರ್ಷಗಳ ದಾಖಲೆಗಳನ್ನು ಒಂದು ದೊಡ್ಡ ಸಂಪುಟವಾಗಿ ಪ್ರಕಟಿಸಿತು. ಜಿಲ್ ಡರ್, ಕ್ಯಾರಲ್ ಮ್ಯಾಡ್ಸನ್, ಕೇಟ್ ಹಾಲ್‌ಬ್ರೂಕ್, ಮ್ಯಾಥ್ಯೂ ಗ್ರೋ ಎಂಬ ನಾಲ್ವರು ಅದರ ಸಂಪಾದಕರು. ಸ್ನೋ ಅವರ ನಡವಳಿ ಅದರಲ್ಲಿ ತಿದ್ದುಪಡಿಯಿಲ್ಲದೆ, ಟಿಪ್ಪಣಿಗಳೊಡನೆ ಪೂರ್ಣವಾಗಿ ಅಚ್ಚಾಗಿದೆ. ಮರುವರ್ಷವೇ ೧೮೫ ವರ್ಷಗಳ ಅ‌ವಧಿಯಲ್ಲಿ ಈ ಸಭೆಯ ಸ್ತ್ರೀಯರು ಮಾಡಿದ ಭಾಷಣಗಳ ಸಂಕಲನವೂ ಹೊರಬಂದಿತು. ಮೂಲಪಾಠವು ಹೀಗೆ ಎಲ್ಲರ ಕೈಗೂ ಸಿಕ್ಕುವಂತಾದ ಮೇಲೆ ಅದರ ಅರ್ಥದ ವಿಷಯದಲ್ಲಿ ಚರ್ಚೆ ಮತ್ತೆ ಎದ್ದಿದೆ. ಸ್ಥಾಪಕರು ಸಂಘಕ್ಕೆ ಅಧಿಕಾರವನ್ನೇ ಕೊಟ್ಟರೆಂದು ಕೆಲವರು. ಕೊಟ್ಟುದು ಅಧಿಕಾರವಲ್ಲ, ಅಧಿಕಾರದ ಅಡಿಯಲ್ಲಿ ನಡೆಯುವ ವ್ಯವಸ್ಥೆಯೆಂದು ಇನ್ನು ಕೆಲವರು. ಪಾಠವನ್ನು ಗೊತ್ತುಮಾಡುವುದು ಸಂಪಾದಕನ ಕೆಲಸ. ಅರ್ಥದ ವಾದ ಅಲ್ಲಿಂದ ಮುಂದಕ್ಕೆ.

ಕನ್ನಡನಾಡಿಗೂ ಈ ಸಂಘಕ್ಕೂ ದೂರದ ನಂಟೊಂದಿದೆ. ೧೯೯೩ರಲ್ಲಿ ಈ ಸಭೆಯವರು ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ತಮ್ಮ ಭಾರತೀಯ ಮಿಷನನ್ನು ಸ್ಥಾಪಿಸಿದರು. ೨೦೧೮ರಲ್ಲಿ ಅಲ್ಲಿ ದೇವಾಲಯವೊಂದನ್ನು ಕಟ್ಟುವುದಾಗಿ ಪ್ರಕಟಿಸಿ, ೨೦೨೦ರ ಡಿಸೆಂಬರಿನಲ್ಲಿ ಕೆಲಸವನ್ನು ಆರಂಭಿಸಿದರು. ಸಭೆಯಿದ್ದಲ್ಲಿ ಸಂಘವೂ ಇರುವುದು ನಿಯಮ. ಆ ನಡವಳಿಯನ್ನು ಎಂದಾದರೊಂದು ದಿನ ಕನ್ನಡಕ್ಕೆ ತರುವವರು ಏಪ್ರಿಲ್ ೨೮ರ ಪುಟಕ್ಕೆ ಬಂದಾಗ, 'ನಿಮಗೆ' ಎಂದು ಬರೆಯಬೇಕೇ 'ನಿಮಗಾಗಿ' ಎಂದು ಬರೆಯಬೇಕೇ ಎಂದು ಲೇಖನಿಯನ್ನು ಒಂದು ಕ್ಷಣ ಎತ್ತಿ ಹಿಡಿಯಬೇಕಾಗುತ್ತದೆ.